ಕಬ್ಬಿನ ಹಾಲು ಕುಡಿಯೋ 'ನ್ಯಾಚುರಲ್' ಮಹಾಶಯರಿಗೆ

ಈಗಷ್ಟೇ ಪುಣೆಯ ಹಡಪ್ಸರ್‌ನ ರಸವಂತಿಯಿಂದ, ಅಂದ್ರೆ ಕಬ್ಬಿನ ಹಾಲಿನ ಅಂಗಡಿಯಿಂದ, ತಲೆ ಬಿಸಿ ಮಾಡ್ಕೊಂಡು ಬಂದೆ. ನಮ್ಮ ಸೊಸೈಟಿಯ ಕನ್ನಡದ ಹಿರಿಯರೊಬ್ಬರು ಕಬ್ಬಿನ ಹಾಲು ಹೀರ್ತಾ, "ಇದು ಶುದ್ಧ ನ್ಯಾಚುರಲ್ ನೋಡಿ. ಇನ್ಮೇಲೆ ಜೀನ್ ತಿದ್ದಿದ ಅಕ್ಕಿ ತಿನ್ನಿಸ್ತಾರಂತೆ, ವಿಷ ಸ್ವಾಮಿ" ಅಂದ್ರು.

ನ್ಯಾಚುರಲ್ಲಂತೆ! ನೂರು ವರ್ಷದ ಹಿಂದೆ ಕೊಯಮತ್ತೂರಿನಲ್ಲಿ ವಿಜ್ಞಾನಿಗಳಾದ ಬಾರ್ಬರ್, ವೆಂಕಟರಾಮನ್ ಅವರು ರಸದ ಕಬ್ಬಿಗೆ ಕಾಡುಹುಲ್ಲಿನ ಸಂಬಂಧ ಕಟ್ಟಿ ಹುಟ್ಟಿಸಿದ ವಂಶ ಅದು. ಸಾವಿರಾರು ಜೀನು ಕಲಸಿಹೋದ್ವು, ಯಾರೂ ವಿಷ ಅನ್ನಲಿಲ್ಲ.

ಸಿಹಿ ಬಂತೆಲ್ಲಿಂದ ಅಂತ ಇವರು ಒಂದು ದಿನವಾದ್ರೂ ಕೇಳಿದಾರಾ? ಸಕ್ಕರೆ ತಯಾರಾಗೋದು ಎಲೆಯಲ್ಲಿ. ಅಲ್ಲಿಂದ ಗಿಡದೊಳಗೆ ಆಹಾರ ಸಾಗಿಸೋ ಫ್ಲೋಯಮ್ ನಾಳ ಹಿಡಿದು ಇಳಿಯುತ್ತೆ. ರಸವಂತಿಯವನು ಕಬ್ಬಿನ ತುದಿ ಕಡಿದು ಎಸೀತಾನಲ್ಲ, ಅಲ್ಲಿನ ಎಳೆ ಗೆಣ್ಣು ಬಂದ ಸಕ್ಕರೇನೆಲ್ಲ ಬೆಳೆಯೋಕೇ ಖರ್ಚು ಮಾಡುತ್ತೆ. ಕೂಡಿಡೋದು ಕೆಳಗಿನ ಬಲಿತ ಗೆಣ್ಣು.

ಜೀವಕೋಶದಿಂದ ಸಕ್ಕರೆ ಹೊರಬಿಡೋ ಬಾಗಿಲುಗಳನ್ನ, ಅಂದ್ರೆ 'ಸ್ವೀಟ್' ಪ್ರೋಟೀನುಗಳನ್ನ, ಸಸ್ಯವಿಜ್ಞಾನಿ ವುಲ್ಫ್ ಫ್ರಾಮರ್ ತಂಡ ತೋರಿಸಿದ್ದು 2010ರಲ್ಲಿ. ಭತ್ತಕ್ಕೆ ದುಂಡಾಣು ಅಂಗಮಾರಿ ರೋಗ ತರೋ ಬ್ಯಾಕ್ಟೀರಿಯಾ ಮಹಾ ಕಳ್ಳ. ತನ್ನದೊಂದು ಪ್ರೋಟೀನನ್ನ ಕೋಶದೊಳಗೆ ತೂರಿಸಿ, ಭತ್ತದ ಕೈಯಿಂದಲೇ ಆ ಬಾಗಿಲು ತೆಗೆಸುತ್ತೆ. ಸಕ್ಕರೆ ಹೊರಗೆ, ಕಳ್ಳನಿಗೆ ಊಟ. ಹಾಗಂತ ಬಾಗಿಲೇ ಮುಚ್ಚೋ ಹಾಗಿಲ್ಲ. ಇಂಥದೊಂದು ಬಾಗಿಲು ಕಟ್ಟೋ 11ನೇ ಸ್ವೀಟ್ ಜೀನು ಕೆಟ್ಟರೆ ಕಾಳು ಸರಿಯಾಗಿ ತುಂಬಲ್ಲ. ಅದಕ್ಕೇ 2019ರಲ್ಲಿ ವಿಜ್ಞಾನಿಗಳು ಜೀನು ಮುಟ್ಟದೆ, ಅದರ ಮುಂದಿನ ಸ್ವಿಚ್ಚಿನಲ್ಲಿ ಕಳ್ಳ ಕೈ ಇಡೋ ಜಾಗದ ಕೆಲವೇ ಡಿಎನ್ಎ ಅಕ್ಷರ ತಿದ್ದಿದರು. ಗಿಡ ತನ್ನ ಪಾಡಿಗೆ ಸಕ್ಕರೆ ಸಾಗಿಸುತ್ತೆ, ಕಳ್ಳನಿಗೆ ಹಿಡಿತ ಸಿಗಲ್ಲ. ಇದಂತೆ ವಿಷ!

"ಬೀಜ ಕಂಪನಿ, ಪೇಟೆಂಟು..." ಅಂತ ಶುರು ಮಾಡ್ತೀರಿ, ಗೊತ್ತು. ಆಡಬೇಕಾದ ಜಗಳವೇ. ಪೇಟೆಂಟ್ ಆಫೀಸಿನ ಮುಂದೆ ಆಡಿ, ಊಟದ ತಟ್ಟೆ ಮುಂದೆ ಬೇಡ.

ನನಗೆ ಇಷ್ಟು ಸಿಟ್ಟು ಯಾಕೆ ಅಂದ್ರೆ, ನಾನು ಗಂಗಾವತಿ ಕಡೆಯವನು. ಇದೇ ಅಂಗಮಾರಿ ಬಡಿದು ಎಲೆಯಂಚು ಹಳದಿಯಾಗಿ, ಅಲೆ ಅಲೆಯಾಗಿ ಒಣಗಿ, ಹಸಿರು ಗದ್ದೆ ಹದಿನೈದು ದಿನದಲ್ಲಿ ಒಣಹುಲ್ಲಿನ ಬಣ್ಣಕ್ಕೆ ತಿರುಗೋದನ್ನ ಅಪ್ಪನ ಪಕ್ಕ ನಿಂತು ನೋಡಿದವನು. ಆಗ ಹೊಡೀತಿದ್ದದ್ದು ಏನು ಗೊತ್ತಾ? ಆಂಟಿಬಯಾಟಿಕ್. ಹೌದು, ಗದ್ದೆಗೆ.

ಆ ಹಿರಿಯರಿಗೆ ಅದನ್ನ ಹೇಳಿ, "ನಿಮ್ಮನೆಗೆ ಬರೋ ಗಂಗಾವತಿ ಸೋನಾ ಮಸೂರಿ ನ್ಯಾಚುರಲ್ಲಾ ಸಾರ್?" ಅಂದೆ. "ನಿಮಗೆ ಯಾವ ಕಂಪನಿ ದುಡ್ಡು ಕೊಡುತ್ತೆ?" ಅಂದ್ರು. ನಾನು ಬಾಟನಿ ಮೇಷ್ಟ್ರು ಅಂತ ಇಡೀ ಸೊಸೈಟಿಗೆ ಗೊತ್ತು. ಇವರ ಮಗಳು ನನ್ನ ಕ್ಲಾಸಲ್ಲೇ ಕೂತು ಪಾಸಾದವಳು!