ಬ್ಯಾಚ್ ನಂಬರ್ ಇಲ್ಲದ ಔಷಧಿ

2025ರ ಅಕ್ಟೋಬರ್‌ನಲ್ಲಿ, ಮಧ್ಯಪ್ರದೇಶದ ಛಿಂದ್ವಾಡಾದಲ್ಲಿ ಕೋಲ್ಡ್ರಿಫ್ ಎಂಬ ಕೆಮ್ಮಿನ ಸಿರಪ್ ಕುಡಿದ ಮಕ್ಕಳು ತೀರಿಕೊಂಡ ಸುದ್ದಿ ಬರತೊಡಗಿದಾಗ, ನಮ್ಮ ಕುಟುಂಬದ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹಿರಿಯರೊಬ್ಬರು "ಇಂಗ್ಲಿಷ್ ಔಷಧಿ ಸಾಕು, ಕೂಸಿಗೆ ಮನೆಮದ್ದೇ ಮಾಡಿ" ಎಂದು ಬರೆದರು. ನಮ್ಮ ಮನೆಯಲ್ಲೂ ಆಗ ಎಂಟು ತಿಂಗಳ ಕೂಸಿತ್ತು. ಅವರ ಭಯ ನನ್ನದೂ ಆಗಿತ್ತು. ಅವರ ಸಲಹೆಯನ್ನು ಮಾತ್ರ ನಾನು ಇಂದಿಗೂ ಒಪ್ಪಲಾರೆ.

ಛಿಂದ್ವಾಡಾದಲ್ಲಿ ಸತ್ಯ ಹೊರಬಿದ್ದ ಬಗೆಯನ್ನು ಗಮನಿಸಬೇಕು. ನೆಗಡಿ, ಜ್ವರಕ್ಕೆ ಔಷಧಿ ಪಡೆದ ಮಕ್ಕಳಿಗೆ ಮೂತ್ರ ಕಟ್ಟಿ, ನಾಗಪುರದ ಆಸ್ಪತ್ರೆಗಳಿಗೆ ಸೇರಿಸಿದಾಗ, ಮೂತ್ರಪಿಂಡದ ಬಯಾಪ್ಸಿಯಲ್ಲಿ ವಿಷದ ಗುರುತು ಕಂಡಿತು, ಬಾಟಲಿಯ ಮೇಲಿದ್ದ ಎಸ್‌ಆರ್-13 ಎಂಬ ಬ್ಯಾಚ್ ನಂಬರ್ ಹಿಡಿದು ಹೋದವರು ಕಾಂಚೀಪುರಂ ಜಿಲ್ಲೆಯ ಕಾರ್ಖಾನೆಯನ್ನು ಮುಟ್ಟಿದರು, ಶೇ 0.1ನ್ನು ಮೀರಬಾರದ ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷಕಾರಿ ಕೈಗಾರಿಕಾ ದ್ರಾವಕ ಆ ಬ್ಯಾಚಿನಲ್ಲಿ ಶೇ 48.6ರಷ್ಟಿದೆಯೆಂದು ತಮಿಳುನಾಡಿನ ಪ್ರಯೋಗಾಲಯ ತಿಳಿಸಿತು. ಅಷ್ಟರಲ್ಲಿ ಕಾಲ ಮೀರಿತ್ತು, 20ಕ್ಕೂ ಹೆಚ್ಚು ಮಕ್ಕಳು ಹೋದರು. ಇದೇ ರಾಸಾಯನಿಕ 1937ರಲ್ಲಿ ಅಮೆರಿಕದಲ್ಲಿ ನೂರಕ್ಕೂ ಹೆಚ್ಚು ಜನರನ್ನು ಕೊಂದು ಅಲ್ಲಿನ 1938ರ ಔಷಧ ಕಾನೂನಿಗೆ ಕಾರಣವಾಯಿತು. 1986ರಲ್ಲಿ ಮುಂಬೈನ ಜೆ.ಜೆ. ಆಸ್ಪತ್ರೆಯಲ್ಲಿ 14 ರೋಗಿಗಳನ್ನು ಕೊಂದಿತು. ಇಷ್ಟೆಲ್ಲ ತಿಳಿದಿದ್ದೂ ಕಚ್ಚಾವಸ್ತುವಿನ ಪರೀಕ್ಷೆಯನ್ನು ಕಡೆಗಣಿಸಿದವರನ್ನೂ, ಅದನ್ನು ಕಾಣದೆ ಕುಳಿತ ಅಧಿಕಾರಿಗಳನ್ನೂ ನಾನು ಕ್ಷಮಿಸಲಾರೆ. 2024ರ ಕೊನೆಯಲ್ಲಿ ನಮ್ಮ ಬಳ್ಳಾರಿಯಲ್ಲಿ ಹೆರಿಗೆಯಾದ ತಾಯಂದಿರು ಒಬ್ಬರ ಹಿಂದೊಬ್ಬರು ತೀರಿಕೊಂಡು, ಅವರಿಗೆ ಏರಿಸಿದ್ದ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ ಸಂಶಯ ಬಿದ್ದಾಗಲೂ ಇದೇ ಸಂಕಟವಾಗಿತ್ತು. ಆದರೂ ಅಲ್ಲೆಲ್ಲ ಕೇಳಲು ಒಂದು ಹೆಸರಿತ್ತು, ಹಿಂಪಡೆಯಲು ಒಂದು ಬ್ಯಾಚ್ ಇತ್ತು.

ಮನೆಮದ್ದಿನಲ್ಲಿ ಅದು ಎಲ್ಲಿದೆ? ಕೂಸಿಗೆ ಎಣ್ಣೆ ನೀರು ಹಾಕುವಾಗ ಮೂಗಿಗೆ ಎರಡು ಹನಿ ಎಣ್ಣೆ ಬಿಡುವ ರೂಢಿ ನಮ್ಮಲ್ಲಿ ಇನ್ನೂ ಇದೆ. ಎಣ್ಣೆ ಕೆಮ್ಮನ್ನು ಎಬ್ಬಿಸದೆಯೇ ಶ್ವಾಸಕೋಶಕ್ಕೆ ಇಳಿಯಬಲ್ಲದು. ಅದರಿಂದ ಬರುವ ಕಾಯಿಲೆಗೆ ಲಿಪಾಯ್ಡ್ ನ್ಯುಮೋನಿಯಾ ಎಂದು ಹೆಸರು. ಅಂಥ ಕೂಸು ತೀರಿಕೊಂಡರೆ ಕಾಗದದಲ್ಲಿ ನ್ಯುಮೋನಿಯಾ ಎಂದಷ್ಟೇ ಉಳಿಯಬಹುದು, ಎಣ್ಣೆಯ ಸುದ್ದಿ ಬಚ್ಚಲುಮನೆಯಿಂದ ಆಚೆ ಬರುವುದೇ ಇಲ್ಲ. ಬಜೆಯೂ ಹಾಗೆಯೇ. ಅದರಲ್ಲಿರುವ, ಇಲಿಗಳಲ್ಲಿ ಕ್ಯಾನ್ಸರ್ ತಂದ ಬೀಟಾ ಅಸರೋನ್ ಎಂಬ ಅಂಶದ ಕಾರಣಕ್ಕೆ ಅಮೆರಿಕ 1968ರಲ್ಲಿಯೇ ಬಜೆಯನ್ನು ಆಹಾರದಲ್ಲಿ ಬಳಸದಂತೆ ನಿಷೇಧಿಸಿತು. ನಾವು ಸಾಣೆಕಲ್ಲಿನ ಮೇಲೆ ಎಷ್ಟು ಸುತ್ತು ತೇಯ್ದೆವು ಎಂಬುದನ್ನೇ ಅಳತೆಯೆಂದು ನಂಬಿ ಹಸುಗೂಸಿನ ನಾಲಿಗೆಗೆ ಹಚ್ಚುತ್ತೇವೆ, ವರ್ಷ ತುಂಬದವರಿಗೆ ಬಾಟುಲಿಸಮ್ ಎಂಬ, ನರಗಳನ್ನು ಕುಂದಿಸುವ ವಿಷಬಾಧೆಯ ಅಪಾಯವಿರುವ ಜೇನುತುಪ್ಪವನ್ನು ಅದಕ್ಕೆ ಬೆರೆಸುತ್ತೇವೆ.

ದೊಡ್ಡವರು ನೆಗಡಿಗೆ ಶುಂಠಿ ಕಷಾಯ ಕುಡಿಯುವುದರ ಬಗ್ಗೆ ನನ್ನ ತಕರಾರಿಲ್ಲ, ನಾನೂ ಕುಡಿಯುತ್ತೇನೆ.

ನಮ್ಮ ಕೂಸಿಗೆ ಕೆಮ್ಮು ಬಿಡದಿದ್ದಾಗ ಮಕ್ಕಳ ವೈದ್ಯರು ಮೊದಲು ಕೇಳಿದ್ದೇ "ಮೂಗಿಗೆ ಏನಾದರೂ ಹಾಕ್ತೀರಾ?" ಎಂದು. ಬೈಯುತ್ತಾರೆಂದು ಹೆದರಿದ ಅಮ್ಮ ಬಹಳ ಹೊತ್ತು ಸುಮ್ಮನಿದ್ದು, ಆಮೇಲೆ ಹೌದೆಂದರು. ವೈದ್ಯರು ಬೈಯಲಿಲ್ಲ. ಎಣ್ಣೆಯ ಹೆಸರನ್ನೂ ಎಷ್ಟು ದಿನದಿಂದ ಹಾಕುತ್ತಿದ್ದೇವೆ ಎಂಬುದನ್ನೂ ಚೀಟಿಯಲ್ಲಿ ಬರೆದುಕೊಂಡು, ಎಕ್ಸ್‌ರೇಗೆ ಕಳುಹಿಸಿದರು.