ಇವತ್ತು ಯಾವ ವಾರ?

ನಮ್ಮ ಭಾಷೇಲಿ ಒಂದು ತಮಾಷೆ ಇದೆ, ನಲವತ್ತು ದಾಟೋವರೆಗೂ ನಾನು ಗಮನಿಸಿರಲಿಲ್ಲ. ಏಳು ದಿನ ಸೇರಿದ್ರೂ ವಾರ, ಆ ಏಳರಲ್ಲಿ ಒಂದು ದಿನಕ್ಕೂ ವಾರ. "ಒಂದು ವಾರ ಬಿಟ್ಟು ಬಾ" ಅಂತೀವಿ, "ಇವತ್ತು ಯಾವ ವಾರ" ಅಂತಾನೂ ಕೇಳ್ತೀವಿ, ಯಾರಿಗೂ ಕನ್ಫ್ಯೂಸ್ ಆಗಲ್ಲ. ಇವೆರಡೂ ಸಾಲ್ದು ಅಂತ ಮೂರನೇದೊಂದು ಐತೆ, ಅಡುಗೆಮನೆ ಕಡೆಯಿಂದ "ಇವತ್ತು ವಾರ" ಅಂತ ಕೂಗಿದ್ರೆ ಮೊಟ್ಟೆ ಬಾಡು ಮುಟ್ಟಂಗಿಲ್ಲ, ತಲೆ ಮೇಲೆ ನೀರು ಹಾಕ್ಕೊಂಡು ದೇವರಿಗೆ ಕೈ ಮುಗಿದೇ ತಿಂಡಿ ಅಂತ ಅರ್ಥ. ಇಷ್ಟೂ ನನ್ನ ತಲೆಗೆ ಹೊಳೆದಿದ್ದು ಎರಡನೇ ಕ್ಲಾಸಿನ ಹುಡುಗ ಒಬ್ಬ ವಾರಕ್ಕೆ ಒಂಬತ್ತು ದಿನ ಅಂತ ಸಾಧಿಸಿದ ದಿನ.

ನಾನು ಜಗಳೂರು ಕಡೆ ಒಂದು ಹಳ್ಳಿ ಶಾಲೇಲಿ ನಲಿಕಲಿ ಟೀಚರು. ಮನೆ ದಾವಣಗೆರೇಲಿ, ದಿನಾ ಬಸ್ಸು. ಒಂದು ಎರಡು ಮೂರು ಮೂರೂ ಕ್ಲಾಸು ಒಂದೇ ರೂಮಲ್ಲಿ, ಒಟ್ಟು ಇಪ್ಪತ್ಮೂರು ಜನ, ನಾನೊಬ್ಬಳೇ. ಶನಿವಾರ ಬಂತು ಅಂದ್ರೆ ಮುಂದಿನ ವಾರ ಏನೇನು ಮಾಡಿಸ್ತೀನಿ ಅಂತ ಪ್ಲಾನ್ ಬರೆದು ಹೆಡ್ ಮೇಷ್ಟ್ರ ಹತ್ರ ಸೈನ್ ಹಾಕಿಸ್ಕೋಬೇಕು. ಬಸ್ಸಲ್ಲಿ ಕಿಟಕಿ ಸೀಟು ಸಿಕ್ರೆ ಅದನ್ನ ಅಲ್ಲೇ ಬರೀತೀನಿ, ಅದಕ್ಕೇ ನನ್ನ ಪ್ಲಾನ್ ಪುಸ್ತಕದ ಅಕ್ಷರ ನೋಡಿದ್ರೆ ಎಲ್ಲೆಲ್ಲಿ ರೋಡ್ ಹಂಪು ಐತೆ ಅಂತ ಹೇಳಬೋದು. ಜುಲೈ ಕೊನೇ ಪ್ಲಾನಲ್ಲಿ ಸೋಮವಾರದ ಎದುರಿಗೆ ನೀಟಾಗಿ "ವಾರದ ದಿನಗಳ ಹೆಸರು" ಅಂತ ಬರೆದಿದ್ದೆ. ಏನ್ ಮಹಾ, ಅರ್ಧ ಗಂಟೆ ಕೆಲಸ ಅನ್ಕೊಂಡಿದ್ದೆ.

ನಲಿಕಲಿ ಗೊತ್ತಿಲ್ದೋರಿಗೆ ಸ್ವಲ್ಪ ಹೇಳ್ಬಿಡ್ತೀನಿ. 1995ರಲ್ಲಿ ಎಚ್.ಡಿ. ಕೋಟೆ ಕಡೆ ಶುರುವಾಗಿದ್ದು, ಆಂಧ್ರದ ರಿಷಿ ವ್ಯಾಲಿ ಶಾಲೆಗೆ ನಮ್ಮ ಟೀಚರುಗಳು ಹೋಗಿ ನೋಡ್ಕೊಂಡು ಬಂದು ಮಾಡಿದ್ದು, 2009-10ರ ಹೊತ್ತಿಗೆ ಇಡೀ ರಾಜ್ಯಕ್ಕೆ ಬಂತು. ಬೆಂಚಿಲ್ಲ, ಎಲ್ರೂ ನೆಲದ ಮೇಲೆ ಗುಂಡಗೆ ಕೂರ್ತಾರೆ, ಪುಸ್ತಕದ ಬದಲು ಕಾರ್ಡು, ಗೋಡೆ ಮೇಲೆ ಏಣಿ, ಯಾವ ಮಗು ಯಾವ ಮೆಟ್ಟಿಲಲ್ಲಿ ಐತೋ ಅಲ್ಲಿಂದ ಮುಂದಕ್ಕೆ. ಗುಂಪುಗಳಿಗೆ ತಟ್ಟೆ ಅಂತೀವಿ. ಒಂದನೇ ತಟ್ಟೇಲಿ ಕೂತೋರಿಗೆ ಟೀಚರೇ ಪೂರ್ತಿ ಹೇಳಿಕೊಡ್ಬೇಕು, ಐದನೇ ತಟ್ಟೆಯೋರು ತಾವೇ ಕಲ್ಕೋತಾರೆ. ಹೊಸದಾಗಿ ಸೇರಿದ ಹುಡುಗಿ ಒಬ್ಬಳ ತಾಯಿ ಒಂದಿನ ಗೇಟಲ್ಲಿ ನಿಲ್ಲಿಸಿ "ನನ್ನ ಮಗಳು ಐದನೇ ತಟ್ಟೆ ಅಂತಾಳೆ, ಊಟಕ್ಕೆ ನಮ್ಮ ಹುಡುಗೀನ ಕೊನೆಗೆ ಕೂರಿಸ್ತೀರೇನ್ ಮಿಸ್ಸೇ" ಅಂತ ಜಗಳಕ್ಕೇ ಬಂದಿದ್ಳು. ಅವಳನ್ನ ಒಳಗೆ ಕರ್ಕೊಂಡು ಹೋಗಿ ತೋರಿಸೋವಷ್ಟರಲ್ಲಿ ಪ್ರಾರ್ಥನೆ ಬೆಲ್ಲು ಹೊಡೀತು.

ಪ್ರಾರ್ಥನೆ ಅಂದ್ರೆ ನೆನಪಾಯ್ತು, ನಾಡಗೀತೆ ಎರಡೂವರೆ ನಿಮಿಷದಲ್ಲಿ ಮುಗೀಬೇಕು ಅಂತ 2022ರಲ್ಲೇ ಸರ್ಕಾರ ಹೇಳೈತೆ, ನಮ್ಮಲ್ಲಿ ಸೋಮವಾರ ನಾಲ್ಕು ನಿಮಿಷ, ಶನಿವಾರ ಒಂದೂಮುಕ್ಕಾಲು.

ಸರಿ, ಸೋಮವಾರ. ಎಲ್ರನ್ನೂ ಗುಂಡಗೆ ಕೂರಿಸಿ "ವಾರಕ್ಕೆ ಎಷ್ಟು ದಿನ?" ಅಂದೆ. ಏಳು ಅಂತ ಒಂದೇ ದನಿ. ಒಬ್ಬ ಮಾತ್ರ ಕೈ ಎತ್ಕೊಂಡೇ ಕೂತಿದ್ದ. ಏನಪ್ಪಾ ಅಂದೆ. "ಒಂಬತ್ತು ಮಿಸ್." ಎಣಿಸು ನೋಡಾಣ ಅಂದೆ. ಎದ್ದು ನಿಂತು ಚಡ್ಡಿ ಮೇಲೆಳ್ಕೊಂಡು ಬೆರಳು ಮಡಚ್ತಾ ಹೋದ, ಸೋಮವಾರ, ಮಂಗಳವಾರ, ಬುಧವಾರ, ಗುರುವಾರ, ಬೇಸ್ತ್ವಾರ, ಶುಕ್ರವಾರ, ಶನಿವಾರ, ಭಾನುವಾರ, ಆಯ್ತಾರ. ಬಲಗೈ ಮುಗಿದು ಎಡಗೈಯಲ್ಲಿ ನಾಲ್ಕು ಬೆರಳು, ಕರೆಕ್ಟಾಗಿ ಒಂಬತ್ತು. ಮಿಕ್ಕೋರೆಲ್ಲ ನನ್ನ ಮುಖ ನೋಡ್ತಾವ್ರೆ. ಗುರುವಾರ ಬೇಸ್ತ್ವಾರ ಎರಡೂ ಒಂದೇ ಕಣೋ ಅಂದೆ. ಅವನು ನನ್ನ ಕಡೆ ಪಾಪ ಅನ್ನೋ ಥರ ನೋಡಿ ಹೇಳಿದ, "ಅಲ್ಲ ಮಿಸ್. ಗುರುವಾರ ಸ್ಕೂಲು ಇರ್ತೈತೆ, ಬೇಸ್ತ್ವಾರ ಸಂತೆ ಇರ್ತೈತೆ."

ನನಗೆ ನಗು ತಡೆಯಕ್ಕಾಗ್ಲಿಲ್ಲ, ಆದ್ರೆ ಆಮೇಲೆ ಹಾಜರಿ ಪುಸ್ತಕ ತೆಗೆದು ನೋಡಿದ್ರೆ ನಗು ನಿಂತೋಯ್ತು. ಶಾಲೆ ಶುರುವಾದಾಗಿಂದ ಒಂದೇ ಒಂದು ಗುರುವಾರಾನೂ ಹುಡುಗ ಶಾಲೆಗೆ ಬಂದಿಲ್ಲ. ಪಕ್ಕದೂರಲ್ಲಿ ಅವತ್ತು ಸಂತೆ, ಅವರಪ್ಪ ತರಕಾರಿ ಮೂಟೆ ಹಾಕ್ಕೊಂಡು ಹೋಗ್ತಾನೆ, ಇವನು ಚೀಲ ಕಾಯಕ್ಕೆ. ಅವನ ಪಾಲಿಗೆ ಗುರುವಾರ ಅನ್ನೋದು ನಾವೆಲ್ಲ ಮಾತಾಡ್ಕೊಳ್ಳೋ, ಗೋಡೆ ಮೇಲೆ ಚಾರ್ಟಲ್ಲಿ ಬರೆದಿರೋ, ತಾನು ಮಾತ್ರ ಯಾವತ್ತೂ ನೋಡದೇ ಇರೋ ಒಂದು ದಿನ. ಬೇಸ್ತ್ವಾರ ಅವನು ಕಣ್ಣಾರೆ ಕಂಡಿರೋದು, ಮಂಡಕ್ಕಿ ಮಿರ್ಚಿ ತಿಂದಿರೋದು. ಅದೇ ರೀತಿ ಭಾನುವಾರ ಅಂದ್ರೆ ಶಾಲೆಯೋರು ರಜ ಕೊಡೋ ದಿನ, ಆಯ್ತಾರ ಅಂದ್ರೆ ಮನೇಲಿ ಕೋಳಿ ಕುಯ್ಯೋ ದಿನ, ಇವೆರಡಕ್ಕೂ ಸಂಬಂಧ ಐತೆ ಅಂತ ಅವನಿಗೆ ಯಾರೂ ಹೇಳಿರಲಿಲ್ಲ. ನಾನು ಬೃಹಸ್ಪತಿವಾರಾನೇ ಸವೆದು ಬೇಸ್ತವಾರ ಆಯ್ತು, ಬೃಹಸ್ಪತಿ ಅಂದ್ರೆ ದೇವರುಗಳ ಗುರು, ಆದಿತ್ಯವಾರಾನೇ ಆಯ್ತಾರ, ಆದಿತ್ಯ ಅಂದ್ರೂ ಸೂರ್ಯ ಭಾನು ಅಂದ್ರೂ ಸೂರ್ಯ ಅಂತೆಲ್ಲ ಹೇಳಿದೆ. ಅವನು ತಲೆ ಆಡಿಸಿದ. ಬೆರಳು ಮಾತ್ರ ಇನ್ನೂ ಒಂಬತ್ತೇ ಮಡಚಿದ್ವು.

ಮಧ್ಯಾಹ್ನಕ್ಕೆ ಮೂರನೇ ಅರ್ಥ ಬಂತು. ಮುಂಚೆ ಮೊಟ್ಟೆ ಕೊಡ್ತಿದ್ದಿದ್ದು ವಾರಕ್ಕೆ ಎರಡು, 2024ರಿಂದ ಆರು ದಿನಾನೂ ಅಂತ ಆಯ್ತು, ಒಳ್ಳೇದೇ. ಆದ್ರೆ ಆರು ದಿನದಲ್ಲಿ ಸೋಮವಾರಾನೂ ಬರುತ್ತಲ್ಲ. "ಮಿಸ್ ನಂಗೆ ಇವತ್ತು ವಾರ" ಅಂತ ಏಳೆಂಟು ಕೈ ಮೇಲೆ. ಅವರಿಗೆ ಬಾಳೆಹಣ್ಣು. ಹೋದ ವಾರ ತಾನೇ ಸೋಮವಾರ ನಂಗೆ ವಾರ ಅಂದಿದ್ದ ಒಬ್ಬ ಹುಡುಗ ಅವತ್ತು ಆರಾಮಾಗಿ ಮೊಟ್ಟೆ ಸುಲೀತಿದ್ದ. ಏನೋ ನಿಂದು ವಾರ ಅಲ್ವೇನೋ ಅಂದ್ರೆ, "ಮನೇಲಿ ವಾರ ಮಿಸ್, ಇಲ್ಲಿ ಇಲ್ಲ." ಅಡುಗೆ ಅಕ್ಕ ಸೌಟು ಹಿಡ್ಕೊಂಡೇ ನಕ್ಕು ಕೂತ್ಬಿಟ್ಳು. ನನಗಂತೂ ಈ ಮಟ್ಟದ ಲಾಯರ್ ಬುದ್ಧಿ ಏಣಿಯ ಯಾವ ಮೆಟ್ಟಿಲಲ್ಲಿ ಟಿಕ್ ಮಾಡ್ಬೇಕೋ ಗೊತ್ತಾಗ್ಲಿಲ್ಲ.

ಊಟ ಆದ್ಮೇಲೆ ಕೈ ತೊಳೆಯೋ ಕಡೆ ಇನ್ನೊಂದು ಪ್ರಶ್ನೆ. ನಮ್ಮ ಕಡೆ ಸೋಮವಾರ ಎತ್ತು ಹೂಡಲ್ಲ, ಬಸವಣ್ಣನ ದಿನ ಅಂತ ಬಿಟ್ಟಿರ್ತಾರೆ. "ಎತ್ತಿಗೆ ಸೋಮವಾರ ರಜ ಐತೆ, ನಮಗ್ಯಾಕಿಲ್ಲ ಮಿಸ್?" ನಿಮಗೆ ಭಾನುವಾರ ಐತಲ್ಲೋ, ಎತ್ತಿಗೆ ಭಾನುವಾರ ಇಲ್ಲ ನೋಡು ಅಂದೆ, ಗೆದ್ದೆ ಅನ್ಕೊಂಡೆ. "ಮತ್ತೆ ಎತ್ತಿಗೆ ಹೋಂವರ್ಕ್ ಇಲ್ಲ" ಅಂದ. ಪ್ಲಾನ್ ಪುಸ್ತಕದಲ್ಲಿ ಸೋಮವಾರದ ಎದುರು "ಮುಂದುವರಿದಿದೆ" ಅಂತ ಬರೆದೆ.

ಮಂಗಳವಾರ ಹೇಳೋವಂಥದ್ದೇನಿಲ್ಲ, ಕೂಡೋದು ಕಳೆಯೋದು.

ಬುಧವಾರ ಅಕ್ಷರ. ನಾವು ಅ ಆ ಇ ಈ ಅಂತ ಶುರು ಮಾಡಲ್ಲ, ರ ಗ ಸ ದ ಅ ಅಂತ ಶುರು. ಊರ ಹಿರಿಯರು ಮೊದಮೊದಲು ಇದೇನ್ ಟೀಚರ್ ತಲೆಕೆಳಗು ಅಂತಿದ್ರು, ಈಗ ಅಭ್ಯಾಸ ಆಗೈತೆ. ಬರೆಯಕ್ಕೆ ಸುಲಭ ಇರೋವು ಮೊದಲು, ಐದು ಅಕ್ಷರ ಬಂದಿದ್ದೇ ತಡ ಸರ, ರಸ, ಅಗಸ, ಗರಗಸ ಅಂತ ಮಗು ಓದಕ್ಕೆ ಶುರು ಮಾಡುತ್ತೆ, ಅದೇ ಇದರ ಗುಟ್ಟು. ಆಮೇಲೆ ಜ ವ ಮ ಬ ನ. ಅವತ್ತು ಒಂದನೇ ಕ್ಲಾಸಿನ ಪುಟ್ಟಿ ಒಬ್ಬಳು ಆ ಹತ್ತು ಅಕ್ಷರದ ಕಾರ್ಡನ್ನ ನೆಲದ ಮೇಲೆ ಹರಡ್ಕೊಂಡು ತಾನೇ ಪದ ಜೋಡಿಸ್ತಿದ್ಳು, ಮರ, ವನ, ಜನ. ಆಮೇಲೆ ಬ ಪಕ್ಕ ರ ಇಟ್ಟು ಜೋರಾಗಿ ಓದಿದ್ಳು, "ಬರ". ಸರಿ ಐತಾ ಮಿಸ್ ಅಂದ್ಳು. ಸರಿ ಐತೆ ಅಂದೆ. "ಈಗ ಮಳೆ ಬರೀತೀನಿ" ಅಂತ ಮ ತಗೊಂಡು ಮುಂದಿನ ಕಾರ್ಡು ಹುಡುಕ್ತಾ ಕೂತ್ಳು. ಮಳೆ ಬರೆಯಕ್ಕೆ ಳ ಬೇಕು, ಅದಕ್ಕೆ ಎತ್ವ ಗಿತ್ವ ಹಾಕೋದು ಬೇಕು, ಅದೆಲ್ಲ ಎಷ್ಟೋ ಮೆಟ್ಟಿಲು ಮೇಲೆ. ಈ ಅಕ್ಷರದ ಸಾಲು ಮಾಡ್ದೋರು ಜಗಳೂರನ್ನ ಮನಸ್ಸಲ್ಲಿ ಇಟ್ಕೊಂಡು ಮಾಡಿರಲ್ಲ ಬಿಡಿ, ಆದ್ರೂ ನಮ್ಮ ಮಕ್ಕಳಿಗೆ ಬರ ಮೊದಲು ಓದಕ್ಕೆ ಬರುತ್ತೆ, ಮಳೆಗೆ ಕಾಯಬೇಕು.

ಹಂಗೆ ನೋಡಿದ್ರೆ ನಮ್ಮ ಹವಾಮಾನದ ಚಾರ್ಟೇ ಇದನ್ನ ಹೇಳುತ್ತೆ. ಗೋಡೇಲಿ ಸೋಮವಾರದಿಂದ ಶನಿವಾರದವರೆಗೆ ಆರು ಜೇಬು ಹೊಲಿದ ಬಟ್ಟೆ ನೇತಾಕಿದೀನಿ. ದಿನಾ ಬೆಳಗ್ಗೆ ಒಬ್ರು ಹೊರಗೆ ಹೋಗಿ ಆಕಾಶ ನೋಡ್ಕೊಂಡು ಬಂದು ಬಿಸಿಲು, ಮೋಡ, ಗಾಳಿ, ಮಳೆ ಇವುಗಳಲ್ಲಿ ಒಂದು ಕಾರ್ಡು ಆವತ್ತಿನ ಜೇಬಿಗೆ ಹಾಕಬೇಕು. ಬಿಸಿಲಿನ ಕಾರ್ಡುಗಳು ಮೂಲೆ ಹರಿದು, ಬೆವರಿನ ಕೈಗೆ ಹಳದಿ ಬಣ್ಣ ಎದ್ದೋಗಿ, ಸೆಲ್ಲೋ ಟೇಪು ಹಚ್ಚಿ ಹಚ್ಚಿ ದಪ್ಪ ಆಗಿದಾವೆ. ಮಳೆ ಕಾರ್ಡು ಮಾತ್ರ ನಾನು ಮಾಡಿಟ್ಟ ದಿನ ಹೆಂಗಿತ್ತೋ ಹಂಗೇ, ನೀಲಿ ಹನಿಗಳು ಫಳಫಳ. ಆ ವಾರ ಮೆಕ್ಕೆಜೋಳ ಮೊಣಕಾಲುದ್ದ ಬಂದು ಸುರುಳಿ ಸುತ್ಕೊಂಡಿತ್ತು, ಚಾರ್ಟ್ ನೋಡೋ ಡ್ಯೂಟಿ ಇದ್ದ ಮೂರನೇ ಕ್ಲಾಸಿನ ಹುಡುಗಿ ದಿನಾ ಹೊರಗೆ ಹೋಗಿ ಬೇಕಂತಲೇ ಐದು ನಿಮಿಷ ನಿಂತು ಬರ್ತಿದ್ಳು, ಅಷ್ಟರಲ್ಲಿ ಏನಾದ್ರೂ ಬದಲಾದ್ರೆ ಅಂತ.

ಬುಧವಾರ ಮಧ್ಯಾಹ್ನ ಚಿತ್ರ ಬರೆಯೋದು. ಇಷ್ಟದ ಪ್ರಾಣಿ ಬರೀರಿ ಅಂದೆ. ಕುರಿ ಕಾಯೋರ ಮನೆ ಹುಡುಗ ಒಬ್ಬ ಮೇಕೆ ಥರದ್ದೊಂದು ಬರೆದು ತಲೆ ಮೇಲೆ ನಾಲ್ಕು ಕೊಂಬು ಇಟ್ಟಿದ್ದ. ನಾನು ಮುದ್ದಾಗಿ, ಮೇಕೆಗೆ ಎರಡೇ ಕೊಂಬು ಅಲ್ವಾ ಕಂದಾ, ಅಂತ ರಬ್ಬರ್ ಹಿಡಿದು ಮುಂದಿನ ಎರಡನ್ನ ನಾನೇ ಅಳಿಸ್ದೆ. ಅವನು ಏನೂ ಅನ್ನಲಿಲ್ಲ, ಕಣ್ಣಲ್ಲಿ ನೀರು. ಪಕ್ಕದ ಹುಡುಗ ಹೇಳಿದ, ಮಿಸ್ ಅದು ಮೇಕೆ ಅಲ್ಲ, ಕೊಂಡುಕುರಿ. ನನಗೆ ಭೂಮಿ ಬಿರಿದು ಒಳಗೆ ಹೋಗಬಾರದಾ ಅನ್ನಿಸ್ತು. ಇದೇ ತಾಲ್ಲೂಕಲ್ಲಿ ರಂಗಯ್ಯನದುರ್ಗದ ಕಾಡು ಐತೆ, ಕೊಂಡುಕುರಿಗೋಸ್ಕರ ಅಂತಲೇ ವನ್ಯಧಾಮ ಮಾಡಿರೋದು, ಗಂಡಿಗೆ ನಾಲ್ಕು ಕೊಂಬು, ಮುಂದಿನ ಎರಡು ಚಿಕ್ಕವು, ಹಿಂದಿನ ಎರಡು ಸ್ವಲ್ಪ ಉದ್ದ. ಹುಡುಗ ಹಂಗೇ ಕರೆಕ್ಟಾಗಿ ಬರೆದಿದ್ದ. ಅವನ ಹತ್ರ ಸಾರಿ ಕೇಳಿ ಇನ್ನೊಂದು ಹಾಳೆ ಕೊಟ್ಟೆ. ಎರಡನೇ ಸಲ ಬರೆದಾಗ ನನ್ನ ಸಮಾಧಾನಕ್ಕೋ ಏನೋ ಕೊಂಬುಗಳನ್ನ ಡಬಲ್ ಗೀಟು ಹಾಕಿ ಗಟ್ಟಿ ಮಾಡಿದ್ದ. ಆ ಹಾಳೇನ ಚಪ್ಪರಕ್ಕೆ, ಅಂದ್ರೆ ತಲೆ ಮೇಲೆ ದಾರ ಕಟ್ಟಿ ಮಕ್ಕಳು ಮಾಡಿದ್ದೆಲ್ಲ ನೇತಾಕ್ತೀವಲ್ಲ ಅದಕ್ಕೆ, ನನ್ನ ಕುರ್ಚಿ ನೇರಕ್ಕೇ ಕಟ್ಟಿದೀನಿ.

ಗುರುವಾರ ಆ ಹುಡುಗ ಬರಲಿಲ್ಲ, ಅಂದ್ರೆ ಒಂಬತ್ತು ದಿನದೋನು. ನಿರೀಕ್ಷೆ ಮಾಡಿದ್ದೇ. ಅವನು ಬೇಸ್ತ್ವಾರದಲ್ಲಿದ್ದ.

ಶುಕ್ರವಾರ ಬಂದ. ಅವತ್ತು ದುಡ್ಡಿನ ಲೆಕ್ಕ, ಅಂಗಡಿ ಆಟ. ಒಂದು ಕೆಜಿ ಈರುಳ್ಳಿಗೆ ಇಪ್ಪತ್ತು ರೂಪಾಯಿ ಆದ್ರೆ ಮೂರು ಕೆಜಿಗೆ ಎಷ್ಟು ಅಂತ ಬೋರ್ಡಲ್ಲಿ ಬರೆದೆ. ಮಿಕ್ಕೋರು ಬೀಜ ಕಡ್ಡಿ ಇಟ್ಕೊಂಡು ಎಣಿಸ್ತಿದ್ರೆ ಇವನು "ಯಾವ ಸೈಜಿಂದು ಮಿಸ್?" ಅಂದ. ಯಾವ್ದಾದ್ರೂ ಆಗ್ಲಿ ಅಂದೆ. ಹಂಗಲ್ಲ ಮಿಸ್, ದಪ್ಪಂದು ಒಂದ್ ರೇಟು, ಗೋಲಿ ಈರುಳ್ಳಿ ಒಂದ್ ರೇಟು, ಮೂರು ಕೆಜಿ ತಗೊಂಡ್ರೆ ಐವತ್ತಕ್ಕೆ ಕೊಡ್ಬೇಕು ಅರವತ್ತು ಯಾರು ಕೊಡ್ತಾರೆ. ಉತ್ತರ ಐವತ್ತು ಅಂತಲೇ ಬರೆದ. ತಪ್ಪು ಹಾಕಕ್ಕೆ ಪೆನ್ನು ಹೋಗಲಿಲ್ಲ, ರೈಟ್ ಹಾಕಕ್ಕೂ ಧೈರ್ಯ ಬರಲಿಲ್ಲ, ಪಕ್ಕದಲ್ಲಿ ಬರೀ ಸೈನ್ ಹಾಕ್ದೆ. ಅವರಪ್ಪನ ಹತ್ರ ಮಾತಾಡ್ಬೇಕು, ಗುರುವಾರ ಅರ್ಧ ದಿನ ಆದ್ರೂ ಕಳಿಸ್ಲಿ. ಹಿಂಗೆ ಅನ್ಕೊಂಡಾಗೆಲ್ಲ ಇನ್ನೊಂದು ಯೋಚನೇನೂ ಬರುತ್ತೆ, ಸಂತೇಲಿ ಅವನು ಕಲೀತಿರೋದು ನಾನು ಕಲಿಸಕ್ಕಾಗಲ್ಲ. ಆದ್ರೆ ಸಂತೇಲಿ ಓದಕ್ಕೆ ಯಾರೂ ಹೇಳಿಕೊಡಲ್ಲ, ಅದೂ ನಿಜ.

ಶನಿವಾರ ಬೆಳಗ್ಗೆ ಶಾಲೆ, ಡ್ರಿಲ್ಲು, ಉಪ್ಪಿಟ್ಟು, ಗುಡಿಸೋದು. ಹನ್ನೆರಡರೊಳಗೆ ಬೀಗ ಹಾಕಿ ಬಸ್ ಸ್ಟಾಪಲ್ಲಿ ನಿಂತಿದ್ದೆ. ಚಾರ್ಟಲ್ಲಿ ಆರೂ ಜೇಬಲ್ಲಿ ಬಿಸಿಲು. ಬಸ್ಸು ಹತ್ತಿ ಪ್ಲಾನ್ ಪುಸ್ತಕ ತೆಗೆದು ಮುಂದಿನ ಸೋಮವಾರಕ್ಕೆ ಮತ್ತೆ "ವಾರದ ದಿನಗಳು" ಅಂತ ಬರೀತಿದ್ದೆ, ಅಕ್ಷರದ ಮೇಲೆ ಟಪ್ ಅಂತ ಒಂದು ಹನಿ. ಕಿಟಕಿ ಗಾಜು ಎಳೆಯೋವಷ್ಟರಲ್ಲಿ ಅರ್ಧ ಪುಟ ಒದ್ದೆ, ಮುಂದಿನ ಸೀಟಿನ ಅಜ್ಜ "ಮುಚ್ಚಬ್ಯಾಡ್ರಿ ತಾಯಿ ಬರ್ಲಿ" ಅಂತ ಕೈ ಹೊರಗೆ ಚಾಚಿಬಿಟ್ಟಿದ್ದ.

ಸೋಮವಾರ ಹೋದ್ರೆ ಅಂಗಳ ಎಲ್ಲ ಕೆಸರು. ಹೊಸ ವಾರ, ಜೇಬು ಖಾಲಿ ಮಾಡಿ ಶುರು ಮಾಡೋದು ರೂಢಿ, ಕಾರ್ಡು ತೆಗೆಯಕ್ಕೆ ಕೈ ಹಾಕ್ದೆ. ಚಾರ್ಟಿನ ಹುಡುಗಿ ಓಡಿ ಬಂದು ಅಡ್ಡ ನಿಂತ್ಳು. "ಮಿಸ್ ಶನಿವಾರದ್ದು ತಪ್ಪೈತೆ." ಮಧ್ಯಾಹ್ನ ಬಂದಿದ್ದು ಕಣೇ, ಶಾಲೆ ಬಿಟ್ಟ ಮೇಲೆ, ಅದು ಲೆಕ್ಕಕ್ಕಿಲ್ಲ, ಹೆಂಗೂ ಈಗ ಎಲ್ಲಾ ತೆಗೀತೀವಲ್ಲ ಅಂದೆ. ಅವಳು ಕೇಳಲೇ ಇಲ್ಲ. ಡಬ್ಬಿಯಿಂದ ಆ ಹೊಸ ಕಾರ್ಡು ತೆಗೆದು, ಯೂನಿಫಾರಂಗೆ ಕೈ ಒರೆಸ್ಕೊಂಡು, ಶನಿವಾರದ ಜೇಬಿಂದ ಬಿಸಿಲು ಎಳೆದು ಮಳೆ ಹಾಕಿದ್ಳು. ಎರಡು ಹೆಜ್ಜೆ ಹಿಂದಕ್ಕೆ ಬಂದು ನೋಡಿದ್ಳು. ಆಮೇಲೆ "ಈಗ ತೆಗೀರಿ ಮಿಸ್" ಅಂದ್ಳು.