ಡಾಕ್ಟರ್ ಓಡಿಸಿದ ಗಾಡಿ ಸಾರ್

ದೆಹಲಿಯ ಹಳೇ ಕಾರುಗಳ ಕಥೆ ನಿಮಗೆಲ್ಲ ಗೊತ್ತೇ ಇದೆ. ಡೀಸೆಲ್‌ಗೆ 10 ವರ್ಷ, ಪೆಟ್ರೋಲ್‌ಗೆ 15, ಆಮೇಲೆ ಗುಜರಿ. 2025ರ ಜುಲೈ 1ರಂದು ಬಂಕುಗಳಲ್ಲಿ ಕ್ಯಾಮೆರಾ ಇಟ್ಟು, ಮುದಿ ಗಾಡಿಗೆ ಪೆಟ್ರೋಲ್ ಹಾಕಲ್ಲ ಅಂದರು. ಜನ ಬೈದರು. ಕೆಲವೇ ದಿನಕ್ಕೆ, ಸದ್ಯಕ್ಕೆ ಬೇಡ ಬಿಡಿ ಅಂದರು. ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು, ಬರೀ ವಯಸ್ಸು ನೋಡಿ ಯಾರ ಗಾಡಿಗೂ ಕೈ ಹಾಕಬೇಡಿ ಎಂದಿತು. ಡಿಸೆಂಬರಿನಲ್ಲಿ ಅದೇ ಕೋರ್ಟು, ಹಾಗಂದಿದ್ದು ಬಿಎಸ್-4 (ಹೊಗೆಗೆ ಸರ್ಕಾರ ಹಾಕಿದ ಮಿತಿ) ಮತ್ತು ಅದಕ್ಕಿಂತ ಹೊಸ ಗಾಡಿಗಳಿಗೆ ಮಾತ್ರ ಎಂದಿತು. ಅಷ್ಟರಲ್ಲಿ ಹೆದರಿದವರು ಜರ್ಮನ್ ಕಾರುಗಳನ್ನು ಹಳೇ ಪೇಪರ್ ಮಾರಿದ ಹಾಗೆ ಮಾರಿ ಕೈ ತೊಳೆದುಕೊಂಡಿದ್ದರು. ಅಂಥದ್ದೊಂದರ ಫೋಟೋ ಬ್ರೋಕರ್‌ನಿಂದ ನನ್ನ ಫೋನಿಗೂ ಬಂತು.

"ಸಾರ್, ಡೆಲ್ಲಿ ಗಾಡಿ. ಸಿಂಗಲ್ ಓನರ್. ಡಾಕ್ಟರ್ ಓಡಿಸಿದ್ದು."

ಈ ಡಾಕ್ಟರ್ ಯಾರು ಅಂತ ನಾನು 25 ವರ್ಷದಿಂದ ಹುಡುಕುತ್ತಿದ್ದೇನೆ. ನನ್ನ ಮೊದಲ ಸ್ಕೂಟರ್ ಅವರದೇ. ನಮ್ಮ ಭಾವ ತಗೊಂಡ ಮಾರುತಿ 800 ಅವರ ಹೆಂಡತಿಯದು, ಆಕೆಯೂ ಡಾಕ್ಟರೇ, ಮನೆಯಿಂದ ಕ್ಲಿನಿಕ್ಕು, ಕ್ಲಿನಿಕ್ಕಿಂದ ಮನೆ, ಅಷ್ಟೇ ಓಡಿಸಿದ್ದಂತೆ. ದೇಶದಲ್ಲಿ ಡಾಕ್ಟರುಗಳು ಸಾಲದು ಅಂತ ಗೊಣಗುತ್ತೀರಿ. ಇಷ್ಟೊಂದು ಗಾಡಿ ಮಾರಿಕೊಂಡು ಕೂತರೆ ಪಾಪ ರೋಗಿಗಳನ್ನು ನೋಡಲು ಅವರಿಗೆ ಪುರುಸೊತ್ತಾದರೂ ಎಲ್ಲಿ?

ಇರಲಿ. ನನಗೊಂದು ಸ್ಪೋರ್ಟ್ಸ್ ಕಾರು ಬೇಕು. ನಗಬೇಡಿ. ವಯಸ್ಸು 50ರ ಹತ್ತಿರ ಬಂತು, ಟಾಪ್ ಇಲ್ಲದ ಕಾರಿಗೆ ಟಾಪ್ ಇಲ್ಲದ ಓನರ್, ಜೋಡಿ ಸರಿಯಾಗಿದೆ. ಹೊಸದು ನನ್ನ ಕೈಗೆ ಎಟುಕುವುದಿಲ್ಲ, ಆದರೆ ಹಳೇ ಪೋರ್ಷೆ ಬಾಕ್ಸ್‌ಸ್ಟರ್ ಹೆಚ್ಚೂಕಮ್ಮಿ ಒಂದು ದೊಡ್ಡ ಎಸ್‌ಯುವಿ ಬೆಲೆಗೆ ಸಿಗುತ್ತದೆ. ಒಂದು ತಗೊಂಡು, ಭಾನುವಾರ ಬೆಳಗ್ಗೆ ಮಾತ್ರ ಹೊರಗೆ ತೆಗೆದು, ನಂದಿ ಬೆಟ್ಟದ ಕಡೆ ಹೋಗಿ ಇಡ್ಲಿ ತಿಂದು ಬಂದು, ಒರೆಸಿ, ಕವರ್ ಹಾಕಿ, ಹೀಗೇ ಒಂದು 25 ವರ್ಷ, ಮಂಡಿ ಮಡಚಿ ಒಳಗೆ ಕೂರಲು ಆಗದೇ ಇರುವ ದಿನದವರೆಗೂ ಇಟ್ಟುಕೊಳ್ಳಬೇಕು ಅಂತ ಆಸೆ. ಅಮ್ಮ ಫೋಟೋ ನೋಡಿ ಒಂದೇ ಪ್ರಶ್ನೆ ಕೇಳಿದರು. "ಅಕ್ಕಿ ಮೂಟೆ ಎಲ್ಲಿಡ್ತೀಯೋ?"

ಇಷ್ಟು ವರ್ಷ ಇಟ್ಟುಕೊಳ್ಳುವ ಕಾರು ತಗೊಳ್ಳುವುದು ಅಂದರೆ ಹಳೇ ಸೈಟ್ ತಗೊಂಡ ಹಾಗೆ. ಮೂಲಪತ್ರದಿಂದ ಓದಬೇಕು. ನಾಲ್ಕು ತಿಂಗಳು ರಾತ್ರಿ ನಿದ್ದೆಗೆಟ್ಟು ಓದಿದೆ. 2008ರವರೆಗಿನ ಬಾಕ್ಸ್‌ಸ್ಟರ್ ಎಂಜಿನ್‌ಗಳ ಒಳಗೆ ಐಎಂಎಸ್ ಅಂತ ಒಂದು ಶಾಫ್ಟ್ ಇದೆ, ಅದರ ತುದಿಗೆ ಒಂದು ಬೇರಿಂಗ್. ಮುಷ್ಟಿಯಲ್ಲಿ ಹಿಡಿಯಬಹುದಾದ ಸಾಮಾನು. ಅದು ಕೈಕೊಟ್ಟರೆ ಟೈಮಿಂಗ್ ತಪ್ಪಿ, ವಾಲ್ವೂ ಪಿಸ್ಟನ್ನೂ ಗುದ್ದಾಡಿಕೊಂಡು ಇಡೀ ಎಂಜಿನ್ ತೂಕಕ್ಕೆ ಹಾಕುವ ಸ್ಥಿತಿಗೆ ಬರುತ್ತದೆ. ಮೊದಮೊದಲ ಗಾಡಿಗಳಲ್ಲಿ ಕ್ಲಚ್ ಬಿಚ್ಚಿದಾಗ ಅದನ್ನೂ ಬದಲಾಯಿಸಿಬಿಡಬಹುದು. ಆಮೇಲೆ ಬಂದ ದಪ್ಪ ಬೇರಿಂಗ್ ತೆಗೆಯಬೇಕಾದರೆ ಎಂಜಿನ್ನನ್ನೇ ಎರಡು ಹೋಳು ಮಾಡಬೇಕು. ಕೊನೆಗೆ ಜರ್ಮನಿಯವರಿಗೇ ಸಾಕಾಯಿತೇನೋ, 2009ರ ಮಾಡೆಲ್‌ನಿಂದ ಆ ಶಾಫ್ಟೇ ಇಲ್ಲದ ಹೊಸ ಎಂಜಿನ್ ಕೂರಿಸಿದರು.

ಹಾಗಾಗಿ 2009 ಅಥವಾ ಆಮೇಲಿನದು ತಗೋ, ಚೆನ್ನಾಗಿ ನೋಡಿಕೊಂಡರೆ ನಿನ್ನ ಕಾಲಕ್ಕೂ ಬಾಳುತ್ತೆ, ನಿನ್ನ ಮಗಳ ಕಾಲಕ್ಕೂ ಬಾಳುತ್ತೆ. ನಾಲ್ಕು ತಿಂಗಳ ವಿದ್ಯೆಯ ಸಾರ ಇಷ್ಟೇ.

ಈಗ 2009ಕ್ಕೆ 15 ಕೂಡಿಸಿ. 2024. ಯಾವ ವರ್ಷದಿಂದ ಎಂಜಿನ್ನನ್ನು ಕಣ್ಣು ಮುಚ್ಚಿ ನಂಬಬಹುದೋ ಆ ವರ್ಷದ ಗಾಡಿಗೆ ಸರ್ಕಾರದ ಪ್ರಕಾರ ಆಯಸ್ಸೇ ಮುಗಿದಿದೆ. ಎಂಥಾ ದಿವ್ಯದೃಷ್ಟಿ ನೋಡಿ! ಕಾರು ಎಷ್ಟು ಓಡಿದೆ, ಎಷ್ಟು ಹೊಗೆ ಬಿಡುತ್ತದೆ, ಆಯಿಲ್ ಬದಲಾಯಿಸಿದ್ದಾರೋ ಇಲ್ಲವೋ, ಇದೆಲ್ಲ ನೋಡುವ ತಾಪತ್ರಯವೇ ಇಲ್ಲ. ಹುಟ್ಟಿದ ತಾರೀಖು ನೋಡಿ ಭವಿಷ್ಯ ಹೇಳಿಬಿಡುತ್ತಾರೆ. ವರ್ಷಕ್ಕೆ 2,000 ಕಿಲೋಮೀಟರ್ ಓಡಿ ಕವರ್ ಹೊದ್ದು ಮಲಗುವ ಬಾಕ್ಸ್‌ಸ್ಟರೂ, ದಿನಕ್ಕೆ 300 ಓಡುವ ಗಾಡಿಯೂ ಒಂದೇ ದಿನ ಹುಟ್ಟಿದರೆ ಒಂದೇ ಜಾತಕ.

ಕರ್ನಾಟಕದವರು ದೆಹಲಿಯವರಷ್ಟು ಕ್ರೂರಿಗಳಲ್ಲ, ನಿಜ. ಇಲ್ಲಿ ಮುದುಕರನ್ನು ಸಾಯಿಸುವುದಿಲ್ಲ, ಪಿಂಚಣಿ ಮಾತ್ರ ಕಿತ್ತುಕೊಳ್ಳುತ್ತಾರೆ. 15 ತುಂಬಿದ ಮೇಲೆ ಗಾಡಿ ತೋರಿಸಿ ಐದೈದು ವರ್ಷಕ್ಕೆ ಆರ್‌ಸಿ ರಿನ್ಯೂ ಮಾಡಿಸುತ್ತಾ ಹೋಗಬಹುದು. ರೇಟು ಮಾತ್ರ ಕೇಂದ್ರದವರದು. ಮಾಮೂಲಿ ಕಾರಿಗೆ 600 ರೂಪಾಯಿ ಇದ್ದಿದ್ದು 2022ರ ಏಪ್ರಿಲ್‌ನಿಂದ 5,000 ಆಯಿತು, ಹೊರದೇಶದಿಂದ ತಂದ ಕಾರಿಗೆ 40,000. ಮೊನ್ನೆ 2025ರ ಆಗಸ್ಟಿನಲ್ಲಿ ಇನ್ನೊಂದು ಮೆಟ್ಟಿಲು ಕಟ್ಟಿದರು. 20 ವರ್ಷ ದಾಟಿದರೆ 10,000, ಹೊರದೇಶದ್ದಾದರೆ 80,000. ವಯಸ್ಸಾದಷ್ಟೂ ಬೆಲೆ ಏರುವುದು ಈ ದೇಶದಲ್ಲಿ ಇದೊಂದೇ ಕಡೆ ಇರಬೇಕು.

ಇದರ ಜೊತೆಗೆ ಜೀವಾವಧಿ ತೆರಿಗೆ. ಜೀವಾವಧಿ ಅನ್ನುವ ಪದ ನಾವು ಕೇಳುವುದು ಎರಡೇ ಕಡೆ, ಒಂದು ಶಿಕ್ಷೆ, ಇನ್ನೊಂದು ಇದು. ನಮ್ಮಲ್ಲಿ 20 ಲಕ್ಷಕ್ಕೂ ಮೇಲಿನ ಕಾರಿಗೆ 18 ಪರ್ಸೆಂಟು, ಅದರ ಮೇಲೆ ಸೆಸ್. ಬೇರೆ ರಾಜ್ಯದಲ್ಲಿ ಒಂದು ಜೀವಾವಧಿ ಕಟ್ಟಿ ಬಂದಿದ್ದರೂ ಇಲ್ಲಿ ಅದಕ್ಕೆ ಪುನರ್ಜನ್ಮ, ಹೊಸದಾಗಿ ಕಟ್ಟಬೇಕು. ಆ ಕೆಂಪು ಫೆರಾರಿ ನೆನಪಿದೆಯಲ್ಲ, 2025ರ ಜುಲೈನಲ್ಲಿ? ಮಹಾರಾಷ್ಟ್ರದ ನಂಬರ್ ಹಾಕಿಕೊಂಡು ಬೆಂಗಳೂರಿನಲ್ಲಿ ಓಡಾಡುತ್ತಿತ್ತು, ಹಿಡಿದು 1.41 ಕೋಟಿ ಕಟ್ಟಿಸಿಕೊಂಡರು. ಕಟ್ಟಬೇಕಿತ್ತು, ಕಟ್ಟಿದರು, ಅದರಲ್ಲಿ ನನ್ನದೇನೂ ತಕರಾರಿಲ್ಲ. ಆದರೆ ಸುದ್ದಿ ಓದುವಾಗ ನನ್ನ ತಲೆಯಲ್ಲಿ ಓಡುತ್ತಿದ್ದದ್ದು ಬೇರೆ. ಅಷ್ಟು ತಗ್ಗಾದ ಗಾಡಿ ಆರ್‌ಟಿಓ ಆಫೀಸಿನವರೆಗೂ ಹಂಪ್ ದಾಟಿ ಹೋಗಿದ್ದಾದರೂ ಹೇಗೆ?

ಹಂಪ್ ವಿಷಯ ಬಂತಲ್ಲ, ಸ್ವಲ್ಪ ಕೂತು ಮಾತಾಡೋಣ. ಅದಕ್ಕೂ ಒಂದು ಶಾಸ್ತ್ರ ಇದೆ ಅಂದರೆ ನಂಬುತ್ತೀರಾ? ರಸ್ತೆ ಎಂಜಿನಿಯರುಗಳ ಸಂಸ್ಥೆ ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಅಳತೆ ಪ್ರಕಾರ ಹಂಪ್ ಎತ್ತರ 10 ಸೆಂಟಿಮೀಟರ್, ಅಗಲ 3.7 ಮೀಟರ್. ಅಂದರೆ ಆಮೆ ಬೆನ್ನಿನ ಹಾಗೆ ಮೆಲ್ಲಗೆ ಏರಿ ಮೆಲ್ಲಗೆ ಇಳಿಯಬೇಕು. ಕಾರು ತಗೊಳ್ಳುವ ಮೊದಲು ನಮ್ಮ ಬೀದಿಯದನ್ನು ಅಳೆದುಬಿಡೋಣ ಅಂತ ಒಂದು ದಿನ ಬೆಳಗ್ಗೆ ಆರಕ್ಕೆ ಮಗಳ ಸ್ಕೇಲು ಹಿಡಿದು ಹೋದೆ. ಮೂರನೇ ಹಂಪ್, ಕಲ್ಯಾಣ ಮಂಟಪದ ಮುಂದಿನದು, 17 ಸೆಂಟಿಮೀಟರ್ ಎತ್ತರ. ಅಗಲ ನನ್ನ ಚಪ್ಪಲಿಯಲ್ಲಿ ಎರಡೂವರೆ ಅಡಿ. ಅದು ಹಂಪಲ್ಲ, ಟಾರು ಬಳಿದ ಸಮಾಧಿ. ಬಾಕ್ಸ್‌ಸ್ಟರಿನ ಹೊಟ್ಟೆಗೂ ನೆಲಕ್ಕೂ ಇರುವುದು ಐದು ಇಂಚಿನ ಆಸುಪಾಸು. ಮಂಡಿಯೂರಿ ಸ್ಕೇಲು ಹಿಡಿದು ಕೂತಿದ್ದಾಗ ಎದುರು ಮನೆ ಯಜಮಾನರು ಹಾಲು ತರಲು ಬಂದವರು ನಿಂತರು.

"ಏನ್ ಸಾರ್, ಕಾರ್ಪೊರೇಷನ್ನಿಂದ ಬಂದಿದ್ದೀರಾ?"

"ಇಲ್ಲ, ಸುಮ್ನೆ ಅಳೀತಿದ್ದೀನಿ. ಜಾಸ್ತಿ ಎತ್ತರ ಆಯ್ತು ಅನ್ಸುತ್ತೆ."

"ಎತ್ತರ ಇರ್ಲಿ ಬಿಡಿ ಸಾರ್. ನಮ್ಮನೆ ಮುಂದೇನೂ ಇಂಥದ್ದೇ ಒಂದು ಹಾಕ್ಸಿಕೊಡಿ."

ನಾನು ಎದ್ದು ಮಂಡಿ ಕೊಡವಿಕೊಂಡು ಬಂದೆ. ಹೊಸ ಪೋರ್ಷೆ 911ಕ್ಕೆ ಬೇಕಾದರೆ ಮೂತಿ 40 ಮಿಲಿಮೀಟರ್ ಮೇಲೆತ್ತುವ ಒಂದು ಗುಂಡಿ ಹಾಕಿ ಕೊಡುತ್ತಾರೆ. ಪೋರ್ಷೆಯ ಊರು ಸ್ಟುಟ್‌ಗಾರ್ಟ್‌ನಲ್ಲಿ ಗುಂಡಿ ಒತ್ತಿದರೆ ಕಾರು ಏಳುತ್ತದೆ. ಇಲ್ಲಿ ಗುಂಡಿಗೆ ಬಿದ್ದರೆ ಏಳುವುದಿಲ್ಲ.

ನನ್ನ ಗೆಳೆಯನೊಬ್ಬ, ನಿನಗೆ ಜರ್ಮನಿ ಯಾಕೆ, ನಮ್ಮೂರಿನ ಸ್ಯಾನ್ ಸ್ಟಾರ್ಮ್ ಹುಡುಕು ಅಂದ. ಎಷ್ಟು ಜನಕ್ಕೆ ನೆನಪಿದೆಯೋ. ಬೆಂಗಳೂರಿನ ಕಂಪನಿ, ಎರಡೇ ಸೀಟು, ತೆರೆದ ಟಾಪು, ಫೈಬರ್ ಬಾಡಿ, ಒಳಗೆ ರೆನೋದ ಪುಟ್ಟ ಎಂಜಿನ್ನು, 60 ಹಾರ್ಸ್‌ಪವರ್. ತುಕ್ಕು ಹಿಡಿಯುವ ಭಯವಿಲ್ಲ. ಹಂಪ್‌ಗೆ ತಾಗಿ ಬಂಪರ್ ಒಡೆದರೆ ವಾಟರ್ ಟ್ಯಾಂಕ್ ರಿಪೇರಿಯವರ ಹತ್ತಿರವೇ ಹಚ್ಚಿಸಿಕೊಳ್ಳಬಹುದು. ನನಗೂ ಒಂದು ಕ್ಷಣ ಮನಸ್ಸಾಯಿತು. ಆದರೆ ಜೆ.ಸಿ. ರೋಡಿನಲ್ಲಿ ಅದರ ಪಾರ್ಟ್ಸ್ ಕೇಳಿದರೆ ಅಂಗಡಿಯವನು, "ಯಾವ ಕಾಲದಿಂದ ಬಂದ್ರಿ ಸಾರ್?" ಅಂದ.

ಕೊನೆಗೆ ಒಬ್ಬ ಒಳ್ಳೆ ಮೆಕ್ಯಾನಿಕ್ ಸಿಕ್ಕಿದರು. ಅವರು ಹೇಳಿದ್ದು: ಗಿರಾಕಿಯೊಬ್ಬರ ಬಾಕ್ಸ್‌ಸ್ಟರನ್ನು ಆರ್‌ಸಿ ರಿನ್ಯೂ ಮಾಡಿಸಲು ತಗೊಂಡು ಹೋಗಿದ್ದಾರೆ. ಸಾಹೇಬರು ಬಾನೆಟ್ ತೆಗೀರಿ ಅಂದರು. ತೆಗೆದರೆ ಡಿಕ್ಕಿ, ಒಳಗೆ ಒಂದು ಛತ್ರಿ. "ಎಂಜಿನ್ ಹಿಂದೇನಾ?" ಹಿಂದೆ ತೆಗೆದರೆ ಅಲ್ಲೂ ಡಿಕ್ಕಿ, ಒಂದು ಜೊತೆ ಶೂ. ಸಾಹೇಬರ ಮುಖ ಕೆಂಪಾಯಿತು. "ಏನ್ರೀ ಇದು, ಎಂಜಿನ್ನೇ ಇಲ್ದಿರೋ ಗಾಡಿ ತಂದಿದ್ದೀರಾ?" ಸೀಟಿನ ಬೆನ್ನಿಗೆ, ನಡುವಿನಲ್ಲಿ ಅಡಗಿದೆ ಸಾರ್, ಎಂಜಿನ್ ನಂಬರ್ ಬೇಕಾದರೆ ಕೆಳಗಿನಿಂದ ಓದಬೇಕು ಅಂದರು ಇವರು. ಐದು ಇಂಚಿನ ಸಂದಿ. ಪೆನ್ಸಿಲ್ಲು, ಹಾಳೆ ಹಿಡಿದ ಹುಡುಗ ಒಮ್ಮೆ ನೆಲ ನೋಡಿದ, ಒಮ್ಮೆ ತನ್ನ ಹೊಟ್ಟೆ ನೋಡಿಕೊಂಡ. ಕೊನೆಗೆ ಮೊಬೈಲ್ ಟಾರ್ಚ್ ಹಾಕಿ ಕೋಲಿಗೆ ಕಟ್ಟಿ ಕೆಳಗೆ ತೂರಿಸಿ ವಿಡಿಯೋ ತೆಗೆದರಂತೆ. ಅಷ್ಟೆಲ್ಲ ಮಾಡಿದವರು ಸೈಲೆನ್ಸರ್ ಹತ್ತಿರ ಒಬ್ಬರೂ ಹೋಗಲಿಲ್ಲ.

ಪೆಟ್ರೋಲ್ ವಿಷಯ ಒಂದೇ ಮಾತಲ್ಲಿ ಮುಗಿಸುತ್ತೇನೆ, ಬರೆದರೆ ಬಿಪಿ ಏರುತ್ತದೆ. ಈಗ ಬಂಕಿನಲ್ಲಿ ಸಿಗುವುದರಲ್ಲಿ 20 ಪರ್ಸೆಂಟು ಎಥನಾಲ್. 2009ರ ಕಾರಿಗೆ 10ರವರೆಗೆ ಸರಿ. ಮೈಲೇಜು 10ಕ್ಕೆ ಮಾಡಿ 20ಕ್ಕೆ ಹೊಂದಿಸಿದ ಗಾಡಿಗಳಲ್ಲಿ ಒಂದೆರಡೇ ಪರ್ಸೆಂಟು ಕಮ್ಮಿ ಆಗುತ್ತೆ, ಉಳಿದವಲ್ಲಿ 3ರಿಂದ 6, ಹಳೇ ಗಾಡಿಯ ಕೆಲವು ರಬ್ಬರ್ ಪಾರ್ಟ್ಸ್ ಬದಲಾಯಿಸಿಕೊಳ್ಳಿ ಅಂತ ಸರ್ಕಾರವೇ ಹೇಳಿತು. ಬದಲಾಯಿಸಿಕೊಳ್ಳುತ್ತೇನೆ ಸ್ವಾಮಿ. ಎಥನಾಲ್ ಇಲ್ಲದ ಪೆಟ್ರೋಲೂ ಪಕ್ಕದ ಪಂಪಿನಲ್ಲಿ ಇಡಿ, ಬೇಕಾದವರು ಹಾಕಿಸಿಕೊಳ್ಳಲಿ ಅಂದರೆ ಮಾತ್ರ ನಾವು ರೈತದ್ರೋಹಿಗಳು. ಮಂಡ್ಯದ ಕಬ್ಬಿನ ಮೇಲೆ ನನಗೇನು ದ್ವೇಷ? ನಿಂಬೆ, ಶುಂಠಿ ಹಾಕಿ ಲೋಟದಲ್ಲಿ ಕೊಟ್ಟರೆ ಎರಡು ಕುಡಿಯುತ್ತೇನೆ.

ಸ್ಪೋರ್ಟ್ಸ್ ಕಾರು ಅಂತೆ, ಇವನಿಗೇನು ದೊಡ್ಡ ರೋಗ ಅಂತ ನೀವು ಅಂದುಕೊಳ್ಳುತ್ತಿದ್ದರೆ ತಪ್ಪಿಲ್ಲ. ನನ್ನದು ಶೋಕಿ. ಆದರೆ ಇದೇ ಕಾನೂನು, 15 ವರ್ಷದ ವ್ಯಾಗನಾರ್‌ನಲ್ಲಿ ಅಪ್ಪನನ್ನು ಡಯಾಲಿಸಿಸ್‌ಗೆ ಕರೆದುಕೊಂಡು ಹೋಗುವವನಿಗೂ ಇದೆ. ಅವನು ಹೊಸದು ತಗೊಳ್ಳಲಾರ, ಹಳೇದನ್ನು ನೀಟಾಗಿ ಇಟ್ಟುಕೊಂಡಿದ್ದಾನೆ, ಅದಕ್ಕೇ ಅವನಿಗೆ ದಂಡ. ನಾವು ಹಾಕಿದ ಟಾರು ಒಂದು ಮಳೆಗಾಲ ನಿಲ್ಲುವುದಿಲ್ಲ. ಗುಂಡಿ ತಪ್ಪಿಸಲು ಹೋಗಿ ಸ್ಕೂಟರಿನವರು ಸಾಯುತ್ತಾರೆ, ಪ್ರತಿ ವರ್ಷ ಸಾಯುತ್ತಾರೆ, ಆ ರಸ್ತೆಗೆ ಯಾರೂ ಎಫ್‌ಸಿ ಕೇಳುವುದಿಲ್ಲ. ಕಸದ ಲಾರಿ ಕರಿ ಹೊಗೆ ಕಕ್ಕಿಕೊಂಡು ಪೊಲೀಸರ ಮುಂದೆಯೇ ಹೋಗುತ್ತದೆ. ಇದನ್ನೆಲ್ಲ ತಮಾಷೆ ಮಾಡಿ ಬರೆದು ಬರೆದು ನನಗೂ ಸಾಕಾಗಿದೆ. ದುಡ್ಡು ತಗೊಳ್ಳಿ, ರಸ್ತೆ ಕೊಡಿ. ಇದರಲ್ಲಿ ಅರ್ಥವಾಗದೇ ಇರುವುದು ಏನಿದೆ?

ಇಷ್ಟಾದರೂ ನಿನ್ನೆ ರಾತ್ರಿ ಬ್ರೋಕರ್‌ಗೆ ಫೋನ್ ಮಾಡಿದೆ. ಮಳ್ಳನಿಗೆ ಎಲ್ಲಿಯ ಬುದ್ಧಿ. ಆ ಡೆಲ್ಲಿ ಗಾಡಿ ಇದೆಯಾ ಅಂತ ಕೇಳಿದೆ.

"ಅದು ಹೋಯ್ತು ಸಾರ್. ಬೇಜಾರ್ ಮಾಡ್ಕೋಬೇಡಿ, ಇನ್ನೊಂದಿದೆ. ಲೋಕಲ್ ಗಾಡಿ, ಕೆಎ ನಂಬರ್. 2011. ಲೇಡಿ ಡಾಕ್ಟರ್ದು."

ಬೆರಳು ಮಡಚಿ ಲೆಕ್ಕ ಹಾಕಿದೆ. ತಿಂಗಳು ಯಾವುದು ಅಂತ ಕೇಳಿದೆ. ಡಿಸೆಂಬರ್ ಅಂದ. ಹಾಗಾದರೆ ಇನ್ನೂ ಟೈಮ್ ಇದೆ. ಭಾನುವಾರ ನೋಡಲು ಬರುತ್ತೇನೆ ಅಂದಿದ್ದೇನೆ, ಬೆಳಗ್ಗೆ ಬೇಗ, ಸ್ಕೇಲು ತಗೊಂಡು.